ಅಂತಿಮ ಪಾಠದ ವೇಳೆ ಮಕ್ಕಳ ಪಾತ್ರಧಾರಿಗಳು ನಿಜವಾಗಿ ಪ್ರಶ್ನೆ ಕೇಳುವುದನ್ನು ತಡೆಗಟ್ಟುವ ಬಗ್ಗೆ

ಶಿಕ್ಷಕರ ತರಬೇತಿ ವಿಭಾಗ (ಪದವಿ ಹಂತ)
ಮುಖ್ಯಸ್ಥರ ಕೊಠಡಿ (ಪ್ರಭಾರ), ಮೊದಲ ಮಹಡಿ, ಮುರಿದ ಬೆಂಚುಗಳ ಪಕ್ಕ

ಸಂಖ್ಯೆ: ಶಿತವಿ/ಅಂಪಾ/ಮಕ್ಕಳು (ದೊಡ್ಡವರು)/ಪ್ರಶ್ನೆ/೧
ದಿನಾಂಕ: ಮೊಹರಿನಲ್ಲಿ ಇರುವಂತೆ (ಮೊಹರು ಮಸುಕಾಗಿದೆ)

ಸುತ್ತೋಲೆ

ವಿಷಯ: ಪ್ರಮಾಣಪತ್ರಕ್ಕಾಗಿ ನಡೆಯುವ ಅಂತಿಮ ಪಾಠದಲ್ಲಿ ಮಕ್ಕಳಂತೆ ಕುಳಿತ ಸಹಪಾಠಿಗಳು ತಮಗೆ ನಿಜವಾಗಿಯೂ ಗೊತ್ತಿಲ್ಲದ್ದನ್ನು ಕೇಳಿ ಪಾಠಕ್ಕೆ ಅಡ್ಡಿಪಡಿಸುವುದನ್ನು ತಡೆಗಟ್ಟುವ ಕುರಿತು.

ಉಲ್ಲೇಖ:
(ಅ) ಹೊರಗಿನ ಪರೀಕ್ಷಕರ ಗೌಪ್ಯ ವರದಿ (ಎಲ್ಲರೂ ಓದಿರುತ್ತಾರೆ).
(ಆ) ಸದರಿ ವರದಿಯ ಪರಿಶೀಲನೆಗೆಂದು ರಚಿಸಿದ ಸಮಿತಿಯ ಸಭಾ ನಡವಳಿ.
(ಇ) ಸದರಿ ನಡವಳಿಯನ್ನು ತಿದ್ದಿ ಬರೆದ ನಡವಳಿ.

\* \* \*

ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ, ಪದವಿ ಓದುತ್ತಿರುವವರನ್ನು ಶಿಕ್ಷಕರನ್ನಾಗಿ ಮಾಡುವ ಮತ್ತು ಅವರು ಶಿಕ್ಷಕರಾಗಿದ್ದಾರೆಂದು ಪ್ರಮಾಣಪತ್ರ ನೀಡುವ ಕಾರ್ಯವನ್ನು ಈ ವಿಭಾಗವು ಬಹುಕಾಲದಿಂದ ನಿರ್ವಹಿಸಿಕೊಂಡು ಬಂದಿರುತ್ತದೆ. ಈ ಎರಡರ ಪೈಕಿ ಎರಡನೆಯದರಲ್ಲಿ ವಿಭಾಗಕ್ಕೆ ಒಳ್ಳೆಯ ಹಿಡಿತವಿರುತ್ತದೆ.

ಪ್ರಮಾಣಪತ್ರ ಪಡೆಯಬೇಕಾದವರು ಕೊನೆಯ ವರ್ಷದಲ್ಲಿ ಹೊರಗಿನಿಂದ ಬಂದ ಪರೀಕ್ಷಕರ ಎದುರು ಒಂದು ಅಂತಿಮ ಪಾಠ ಮಾಡತಕ್ಕದ್ದು. ನಿಯಮದ ಪ್ರಕಾರ ಈ ಪಾಠವನ್ನು ಕಾಂಪೌಂಡಿನ ಆಚೆಗಿರುವ ಶಾಲೆಯ ಮಕ್ಕಳಿಗೆ ಮಾಡಬೇಕಾಗಿರುತ್ತದೆ. ಆದರೆ ನಮ್ಮ ಪರೀಕ್ಷೆಯ ವೇಳಾಪಟ್ಟಿ ನಮ್ಮಲ್ಲಿ ತಯಾರಾಗುತ್ತದೆ, ಶಾಲೆಯ ರಜೆಯ ಪಟ್ಟಿ ಅವರಲ್ಲಿ ತಯಾರಾಗುತ್ತದೆ. ಆಚೆಯವರೇ ಮೊದಲು ಫೋನ್ ಮಾಡಲಿ ಎಂದು ಎರಡೂ ಕಡೆಯವರು ಕಾಯುತ್ತಿರುವುದರಿಂದ ಅಂತಿಮ ಪಾಠಗಳು ಪ್ರತಿ ವರ್ಷ ತಪ್ಪದೆ ಶಾಲೆಯ ರಜೆಯಲ್ಲೇ ಬೀಳುತ್ತವೆ. ಆದ್ದರಿಂದ ಸಹಪಾಠಿಗಳನ್ನೇ ಆರನೇ ತರಗತಿಯ ಮಕ್ಕಳೆಂದು ಭಾವಿಸಿ ಬೆಂಚಿನ ಮೇಲೆ ಕೂರಿಸುವ ಪದ್ಧತಿ ಜಾರಿಯಲ್ಲಿರುತ್ತದೆ. ಈ ತಾತ್ಕಾಲಿಕ ಏರ್ಪಾಡು ಆರಂಭವಾದಾಗ ಮಕ್ಕಳಾಗಿ ಕುಳಿತಿದ್ದವರಲ್ಲಿ ಇಬ್ಬರು ಈಗ ಇದೇ ವಿಭಾಗದಲ್ಲಿ ಉಪನ್ಯಾಸಕರಾಗಿರುತ್ತಾರೆ.

ಹೀಗಿರುವಲ್ಲಿ, ಈ ಸಾಲಿನ ಅಂತಿಮ ಪಾಠಗಳ ಸಂದರ್ಭದಲ್ಲಿ ಒಂದು ಎಡವಟ್ಟು ನಡೆದಿರುವುದು ವಿಭಾಗದ ಗಮನಕ್ಕೆ ಬಂದಿರುತ್ತದೆ. ಅದರ ಸಂಕ್ಷಿಪ್ತ ವಿವರ ಈ ಕೆಳಗಿನಂತಿದೆ.

ಗಣಿತ ವಿಷಯದ ವಿದ್ಯಾರ್ಥಿನಿಯೊಬ್ಬರು (ಇನ್ನು ಮುಂದೆ 'ಸದರಿ ವಿದ್ಯಾರ್ಥಿನಿ') ಭಿನ್ನರಾಶಿಗಳ ಭಾಗಾಕಾರ ಎಂಬ ಪಾಠವನ್ನು ಆರಂಭಿಸಿರುತ್ತಾರೆ. ಪೀಠಿಕೆ ನಿಯಮಾನುಸಾರ ಮುಗಿದಿರುತ್ತದೆ. ನಾಲ್ಕನ್ನು ಮೂರನೇ ಎರಡರಿಂದ ಭಾಗಿಸಬೇಕಾದರೆ ಮೂರನೇ ಎರಡನ್ನು ತಲೆಕೆಳಗು ಮಾಡಿ ಗುಣಿಸಬೇಕು, ಉತ್ತರ ಆರು, ಎಂದು ಬೋರ್ಡಿನ ಮೇಲೆ ಬರೆದಿರುತ್ತಾರೆ. ಈ ಹಂತದಲ್ಲಿ ಮಕ್ಕಳೆಲ್ಲರೂ ಒಕ್ಕೊರಲಿನಿಂದ ಗೊತ್ತಾಯ್ತು ಎನ್ನಬೇಕಾಗಿದ್ದು, ಎಂದಿರುತ್ತಾರೆ ಸಹ. ಆದರೆ ಮೂರನೇ ಸಾಲಿನಲ್ಲಿದ್ದ ಒಂದು ಮಗು ಎದ್ದು ನಿಂತಿರುತ್ತದೆ. ಸದರಿ ಮಗುವು ದಪ್ಪ ಮೀಸೆಯುಳ್ಳ ಕೊನೆಯ ವರ್ಷದ ವಿದ್ಯಾರ್ಥಿಯಾಗಿದ್ದು, ಅವರನ್ನು ತರಗತಿಯಲ್ಲಿ 'ಮೀಸೆ ಮಗು' ಎಂದು ಕರೆಯುವುದು ರೂಢಿ. ಮೀಸೆ ಮಗು ಕೇಳಿದ ಪ್ರಶ್ನೆಯನ್ನು ಪರೀಕ್ಷಕರ ವರದಿಯಿಂದ ಯಥಾವತ್ತಾಗಿ ಉದ್ಧರಿಸಲಾಗಿದೆ:

"ಟೀಚರ್, ಭಾಗಿಸಿ ಅಂತ ಹೇಳಿ ಗುಣಿಸ್ತಾ ಇದೀರಲ್ಲ, ಯಾಕೆ? ನಾಲ್ಕನ್ನ ಭಾಗ ಮಾಡಿದ್ರೆ ಆರು ಹೇಗಾಗುತ್ತೆ?"

ಇಂಥ ಪ್ರಶ್ನೆ ಪಾಠ ಯೋಜನೆಯ ಯಾವ ಪುಟದಲ್ಲೂ ಇರಲಿಲ್ಲ. ನಿಯಮದಂತೆ ಸದರಿ ವಿದ್ಯಾರ್ಥಿನಿಯು 'ಒಳ್ಳೆಯ ಪ್ರಶ್ನೆ, ಇದನ್ನು ಮುಂದಿನ ತರಗತಿಯಲ್ಲಿ ನೋಡೋಣ' ಎಂದು ಹೇಳಿ ಜಾರಿಕೊಳ್ಳಬೇಕಾಗಿತ್ತು. ಈ ಕೌಶಲವನ್ನು ವಿಭಾಗದಲ್ಲಿ ಮೊದಲ ವರ್ಷದಿಂದಲೇ ಕಲಿಸಲಾಗುತ್ತಿದ್ದು, ಉಪನ್ಯಾಸಕರು ಸ್ವತಃ ಮಾಡಿ ತೋರಿಸುತ್ತಾ ಬಂದಿರುತ್ತಾರೆ. ಹಾಗಿದ್ದೂ ಸದರಿ ವಿದ್ಯಾರ್ಥಿನಿಯು ಮೀಸೆ ಮಗುವಿನ ಮುಖವನ್ನು ನೋಡಿ, ಇದು ನಟನೆಯಲ್ಲ ಎಂದು ಅರಿತು, ಬಣ್ಣದ ಚಾರ್ಟನ್ನು ಗೋಡೆಯಿಂದ ತೆಗೆದು ಕೆಳಗಿಟ್ಟು, ಆ ಮಗುವಿನ ಬೆಂಚಿನ ಬಳಿಗೆ ಹೋಗಿ ಕುಳಿತಿರುತ್ತಾರೆ. ನಾಲ್ಕು ಹಾಳೆಗಳನ್ನು ತರಿಸಿ ಹರಿಯಲು ಹೇಳಿರುತ್ತಾರೆ. ಪರೀಕ್ಷಕರು ಗಡಿಯಾರದ ಕಡೆ ಬೆರಳು ತೋರಿಸಿದಾಗ ತಲೆ ಎತ್ತದೆ, "ಸರ್, ಇವನಿಗೆ ಇನ್ನೂ ಗೊತ್ತಾಗಿಲ್ಲ" ಎಂದಿರುತ್ತಾರೆ. ಬೆಲ್ ಹೊಡೆಯುವ ಹೊತ್ತಿಗೆ ಮೀಸೆ ಮಗುವಿಗೆ ಗೊತ್ತಾಗಿರುತ್ತದೆ. ಪುನರಾವರ್ತನೆ, ಮೌಲ್ಯಮಾಪನ, ಹೋಂವರ್ಕ್ ಇತ್ಯಾದಿ ಹಂತಗಳು ನಡೆದೇ ಇರುವುದಿಲ್ಲ.

ಪರೀಕ್ಷಕರು ತಮ್ಮ ವರದಿಯಲ್ಲಿ 'ಪಾಠ ಅಪೂರ್ಣ. ಒಬ್ಬ ವಿದ್ಯಾರ್ಥಿಗೆ ಮಾತ್ರ ಅರ್ಥವಾಗಿದೆ' ಎಂದು ಬರೆದು, ಸದರಿ ವಿದ್ಯಾರ್ಥಿನಿಯನ್ನು ಅನುತ್ತೀರ್ಣಗೊಳಿಸಲು ಶಿಫಾರಸು ಮಾಡಿರುತ್ತಾರೆ. ಹೊರಡುವಾಗ ಅವರು ಬೆಂಚಿನ ಮೇಲೆ ಬಿದ್ದಿದ್ದ ಕಾಗದದ ತುಂಡುಗಳನ್ನು ಆಯ್ದು ಜೇಬಿಗೆ ಹಾಕಿಕೊಂಡಿದ್ದನ್ನು ಅಟೆಂಡರ್ ನೋಡಿರುತ್ತಾರೆ. ಈ ಬಗ್ಗೆ ವಿವರಣೆ ಕೇಳಲಾಗಿಲ್ಲ.

ಇಲ್ಲಿ ಇನ್ನೊಂದು ಸಂಗತಿಯನ್ನು ದಾಖಲಿಸುವುದು ಅನಿವಾರ್ಯವಾಗಿದೆ. ಹಿಂದಿನ ದಿನ ಮೀಸೆ ಮಗುವಿನ ಅಂತಿಮ ಪಾಠವೂ ನಡೆದಿದ್ದು, ಅವರು ಮಾಡಿದ್ದು ಇದೇ ಭಿನ್ನರಾಶಿಗಳ ಭಾಗಾಕಾರದ ಪಾಠವನ್ನೇ. ತಲೆಕೆಳಗು ಮಾಡಿ ಗುಣಿಸಿ ಎಂದು ಅವರು ಗಟ್ಟಿ ದನಿಯಲ್ಲಿ ಹೇಳಿದಾಗ ಎಲ್ಲ ಮಕ್ಕಳೂ ಗೊತ್ತಾಯ್ತು ಎಂದಿದ್ದರು. ಎಲ್ಲ ಹಂತಗಳೂ ಸಮಯಕ್ಕೆ ಸರಿಯಾಗಿ ಮುಗಿದಿದ್ದವು. ಅವರಿಗೆ ಈ ಸಾಲಿನ ಅತಿ ಹೆಚ್ಚು ಅಂಕ ನೀಡಲಾಗಿದೆ. ತಾವು ಕಲಿಸಿದ್ದು ತಮಗೇ ಗೊತ್ತಿಲ್ಲ ಎಂಬ ವಿಚಾರ ಅವರನ್ನು ರಾತ್ರಿಯೆಲ್ಲ ಕೊರೆಯುತ್ತಿತ್ತಂತೆ. ವಿಭಾಗದಲ್ಲಿ ಇಷ್ಟು ವರ್ಷ ಯಾರನ್ನೂ ಹೀಗೆ ಕೊರೆದ ನಿದರ್ಶನವಿಲ್ಲ.

ಇಂಥ ಘಟನೆಗಳು ಮರುಕಳಿಸದಂತೆ ಈ ಕೆಳಕಂಡ ಸೂಚನೆಗಳನ್ನು ಹೊರಡಿಸಲಾಗಿದೆ. ಮಕ್ಕಳಾಗಿ ಕೂರುವವರೆಲ್ಲರೂ ಇವುಗಳನ್ನು ಚಾಚೂ ತಪ್ಪದೆ ಪಾಲಿಸತಕ್ಕದ್ದು.

೧. ಮಕ್ಕಳ ಪಾತ್ರ ವಹಿಸುವವರು ಗಡ್ಡ, ಮೀಸೆ ಬೋಳಿಸುವ ಅಗತ್ಯವಿರುವುದಿಲ್ಲ. ಪರೀಕ್ಷಕರು ಅವುಗಳನ್ನು ನೋಡಿಲ್ಲವೆಂದು ಭಾವಿಸತಕ್ಕದ್ದು. ಮದುವೆಯಾದವರು ಹಿಂದಿನ ಸಾಲಿನಲ್ಲಿ ಕೂರತಕ್ಕದ್ದು.

೨. ಬೆಂಚು ಚಿಕ್ಕದಿದ್ದು ಮೊಣಕಾಲು ಡೆಸ್ಕಿಗೆ ಬಡಿದಲ್ಲಿ, ಆರನೇ ತರಗತಿಯ ಮಗುವಿಗೆ ಸಲ್ಲುವ ಮಾತುಗಳಲ್ಲಿ ಮಾತ್ರ ನೋವನ್ನು ವ್ಯಕ್ತಪಡಿಸತಕ್ಕದ್ದು. ಕಳೆದ ಬಾರಿ ಒಂದು ಮಗು ಬಳಸಿದ ಪದವನ್ನು ವರದಿಯಿಂದ ತೆಗೆಸಲು ವಿಭಾಗವು ಹರಸಾಹಸಪಟ್ಟಿರುತ್ತದೆ.

೩. ಪ್ರತಿ ಪಾಠಕ್ಕೆ ಒಂದು ಮಗು ಮಾತ್ರ ಹೊರಗೆ ಹೋಗಿಬರಲು ಅನುಮತಿ ಕೇಳಬಹುದು. ಕಿರುಬೆರಳು ಎತ್ತಿ ಹೋದ ಮಗು ಪಾಠ ಮುಗಿಯುವುದರೊಳಗೆ ವಾಪಸಾಗತಕ್ಕದ್ದು. ಹೋದದ್ದು ಕ್ಯಾಂಟೀನಿಗೆ ಎಂದು ಕಂಡುಬಂದಲ್ಲಿ ಸದರಿ ಮಗುವಿನ ಹಾಜರಾತಿ ಕಡಿತಗೊಳಿಸಲಾಗುವುದು.

೪. ತಪ್ಪು ಉತ್ತರವನ್ನು ತಿದ್ದುವ ಕೌಶಲಕ್ಕೆ ಅಂಕಗಳಿರುವುದರಿಂದ, ಪ್ರತಿ ಪಾಠದಲ್ಲಿ ಯಾರಾದರೊಬ್ಬರು ತಪ್ಪು ಉತ್ತರ ಹೇಳುವುದು ಕಡ್ಡಾಯ. ತಪ್ಪು ಉತ್ತರವನ್ನು ಹಿಂದಿನ ದಿನವೇ ಪಾಠ ಮಾಡುವವರಿಗೆ ತಿಳಿಸಿ, ಅದು ಸರಿಯಾದ ತಪ್ಪು ಎಂದು ಖಚಿತಪಡಿಸಿಕೊಳ್ಳತಕ್ಕದ್ದು. ಸ್ವಂತ ತಪ್ಪುಗಳಿಗೆ ಅವಕಾಶವಿಲ್ಲ.

೫. ಪ್ರಶ್ನೆ ಕೇಳಲೇಬೇಕೆನಿಸಿದಲ್ಲಿ, ಉತ್ತರವು ಪಾಠ ಯೋಜನೆಯ ಮುಂದಿನ ಪುಟದಲ್ಲಿರುವಂಥ ಪ್ರಶ್ನೆಯನ್ನು ಮಾತ್ರ ಕೇಳತಕ್ಕದ್ದು.

೬. ತನಗೆ ನಿಜವಾಗಿ ಗೊತ್ತಿಲ್ಲದ್ದನ್ನು ಕೇಳುವುದನ್ನು ಈ ಮೂಲಕ ನಿಷೇಧಿಸಲಾಗಿದೆ. 'ಯಾಕೆ' ಎಂಬುದರಿಂದ ಆರಂಭವಾಗುವ ಪ್ರಶ್ನೆಗಳಿಗೆ ವಿಭಾಗದ ಮುಖ್ಯಸ್ಥರ ಪೂರ್ವಾನುಮತಿ ಪಡೆಯತಕ್ಕದ್ದು. ಮುಖ್ಯಸ್ಥರು ಯಾಕೆ ಎಂದು ಕೇಳಿದಲ್ಲಿ ಅದಕ್ಕೆ ಈ ಕಂಡಿಕೆ ಅನ್ವಯಿಸುವುದಿಲ್ಲ.

೭. ಗೊತ್ತಾಯ್ತಾ ಮಕ್ಕಳೇ ಎಂದು ಕೇಳಿದಾಗ ಎಲ್ಲರೂ ಗೊತ್ತಾಯ್ತು ಎನ್ನತಕ್ಕದ್ದು. ಗೊತ್ತಾಗದವರು ಇನ್ನೂ ಸ್ವಲ್ಪ ಜೋರಾಗಿ ಎನ್ನತಕ್ಕದ್ದು.

೮. ಪಾಠ ನಡೆಯುವಾಗ ಯಾರಿಗಾದರೂ ಆಕಸ್ಮಿಕವಾಗಿ ಏನಾದರೂ ಅರ್ಥವಾದಲ್ಲಿ ಅದನ್ನು ಮುಖದ ಮೇಲೆ ತೋರಿಸಿಕೊಳ್ಳದೆ, ಪಾಠ ಮುಗಿದ ನಂತರ ಕಚೇರಿಗೆ ಬಂದು ಲಿಖಿತವಾಗಿ ತಿಳಿಸತಕ್ಕದ್ದು. ಮೀಸೆ ಮಗು ಅಂದು ತುಂಡುಗಳನ್ನು ಎಣಿಸಿ ಮುಗಿಸಿದೊಡನೆ ಬೆಂಚಿನಿಂದ ಎದ್ದು ನಕ್ಕಿದ್ದು, ಆ ನಗು ಬಹಳ ಹೊತ್ತಾದರೂ ನಿಲ್ಲಲಿಲ್ಲವೆಂದು ದೂರು ಬಂದಿರುತ್ತದೆ.

೯. ಪರೀಕ್ಷೆಯ ಕೊಠಡಿಗೆ ನಿಜವಾದ ಮಕ್ಕಳನ್ನು ಕರೆತರತಕ್ಕದ್ದಲ್ಲ. ಅವರಿಗೆ ತರಬೇತಿ ಇರುವುದಿಲ್ಲ.

ಇನ್ನು ಸದರಿ ವಿದ್ಯಾರ್ಥಿನಿಯ ಪ್ರಮಾಣಪತ್ರದ ಬಗ್ಗೆ.

ಸದರಿ ವಿದ್ಯಾರ್ಥಿನಿಗೆ ಒಂದು ಶಾಲೆಯಲ್ಲಿ ಕೆಲಸ ಗೊತ್ತಾಗಿದ್ದು, ಶಾಲೆ ತೆರೆಯುವುದರೊಳಗೆ ಪ್ರಮಾಣಪತ್ರ ಒಪ್ಪಿಸದಿದ್ದರೆ ಆ ಜಾಗ ಬೇರೆಯವರ ಪಾಲಾಗುತ್ತದೆ. ಶಾಲೆ ತೆರೆಯುವ ಕಾಲ ಹತ್ತಿರ ಬಂದಿದೆ. ಈ ಕಾರಣಕ್ಕೆ ಪ್ರಕರಣವನ್ನು ತುರ್ತೆಂದು ಪರಿಗಣಿಸಿ, ಉಪನ್ಯಾಸಕರೆಲ್ಲರನ್ನೂ ಒಳಗೊಂಡ ಸಮಿತಿಯ ಸಭೆ ಕರೆಯಲಾಯಿತು. ಪ್ರಶ್ನೆಯೇ ಅನುಚಿತವಾಗಿತ್ತೆಂದು ತೀರ್ಮಾನಿಸಬೇಕಾದರೆ ಅದರ ಉತ್ತರ ಏನೆಂದು ಮೊದಲು ದಾಖಲಿಸಬೇಕೆಂದು ಗುಮಾಸ್ತರು ತಿಳಿಸಿದರು. ಗುಮಾಸ್ತರು ಹೀಗೆ ತಿಳಿಸಬಾರದಿತ್ತು.

ತಲೆಕೆಳಗು ಮಾಡಬೇಕು ಎಂಬ ಬಗ್ಗೆ ಸಮಿತಿಯಲ್ಲಿ ಒಮ್ಮತವಿತ್ತು. ಯಾಕೆ ಎಂಬ ಬಗ್ಗೆ ಸದಸ್ಯರು ಮುಖ ಮುಖ ನೋಡಿಕೊಂಡರು. ಹಿರಿಯ ಸದಸ್ಯರೊಬ್ಬರು ಅದು ಸೂತ್ರ, ಸೂತ್ರವನ್ನು ಯಾಕೆ ಎಂದು ಕೇಳುವುದು ಸಭ್ಯತೆಯಲ್ಲ ಎಂದರು. ಇನ್ನೊಬ್ಬರು ತಮ್ಮ ಮೇಷ್ಟ್ರು ಹಾಗೆಯೇ ಹೇಳಿಕೊಟ್ಟಿದ್ದರು, ಅವರು ತುಂಬ ಒಳ್ಳೆಯವರು ಎಂದರು. ಮತ್ತೊಬ್ಬರು ಟೀ ತರಿಸುವ ನೆಪದಲ್ಲಿ ಹೊರಗೆ ಹೋದವರು ಟೀ ಬಂದರೂ ಬರಲಿಲ್ಲ. ಈ ಸುತ್ತೋಲೆಗೆ ಸಹಿ ಮಾಡುತ್ತಿರುವ ಪ್ರಭಾರ ಮುಖ್ಯಸ್ಥರು ಗಣಿತ ಬೋಧನಾ ವಿಧಾನದ ಉಪನ್ಯಾಸಕರಾಗಿದ್ದು, ಎಲ್ಲರೂ ಅವರ ಕಡೆ ತಿರುಗಿದಾಗ ಅವರು ಕನ್ನಡಕ ಒರೆಸಿಕೊಂಡರು. ಕನ್ನಡಕ ಮೊದಲೇ ಸ್ವಚ್ಛವಾಗಿತ್ತು.

ಸದರಿ ವಿದ್ಯಾರ್ಥಿನಿಯು ಕೊಟ್ಟ ವಿವರಣೆಯನ್ನು ವರದಿಯಿಂದ ಓದಿಸಲಾಯಿತು. ಒಂದೊಂದು ಹಾಳೆಯನ್ನೂ ಮೂರು ತುಂಡು ಮಾಡಿದ್ದಕ್ಕೆ ಮೂರರಿಂದ ಗುಣಿಸುತ್ತೇವೆ, ಆ ತುಂಡುಗಳನ್ನು ಎರಡೆರಡಾಗಿ ಜೋಡಿಸಿದ್ದಕ್ಕೆ ಎರಡರಿಂದ ಭಾಗಿಸುತ್ತೇವೆ, ಹಾಗಾಗಿ ಮೂರು ಮೇಲೆ ಹೋಗುತ್ತದೆ, ಎರಡು ಕೆಳಗೆ ಬರುತ್ತದೆ ಎಂಬುದು ಸದರಿ ವಿವರಣೆ. ಇದನ್ನು ಯಥಾವತ್ತಾಗಿ ನಡವಳಿಯಲ್ಲಿ ದಾಖಲಿಸಲಾಗಿದೆ. ಅರ್ಥಮಾಡಿಕೊಂಡು ದಾಖಲಿಸಲಾಗಿದೆ ಎಂದು ಯಾರೂ ಭಾವಿಸತಕ್ಕದ್ದಲ್ಲ.

ಮೌಲ್ಯಾಂಕನ ಪಟ್ಟಿಯಲ್ಲಿ 'ಯಾರಿಗಾದರೂ ಅರ್ಥವಾಯಿತೇ?' ಎಂಬ ಹೊಸ ಕಾಲಂ ಸೇರಿಸಿದರೆ ಸದರಿ ವಿದ್ಯಾರ್ಥಿನಿಗೆ ಅಂಕ ಕೊಡಬಹುದೆಂದು ಕಿರಿಯ ಸದಸ್ಯೆಯೊಬ್ಬರು ಸಲಹೆ ನೀಡಿದರು. ಹಾಗೆ ಮಾಡಿದಲ್ಲಿ ಈವರೆಗೆ ಕೊಟ್ಟ ಪ್ರಮಾಣಪತ್ರಗಳನ್ನೆಲ್ಲ ಮರುಪರಿಶೀಲಿಸಬೇಕಾಗುತ್ತದೆ, ಅವುಗಳಲ್ಲಿ ಸಮಿತಿಯ ಸದಸ್ಯರದೂ ಇವೆ ಎಂದು ಇನ್ನೊಬ್ಬರು ನೆನಪಿಸಿದರು. ಸಲಹೆಯನ್ನು ಸರ್ವಾನುಮತದಿಂದ ಕೈಬಿಡಲಾಯಿತು. ಅನುತ್ತೀರ್ಣದ ಆದೇಶವನ್ನು ಟೈಪ್ ಮಾಡಿಸಿ ಮುಖ್ಯಸ್ಥರ ಸಹಿಗೆ ಮಂಡಿಸಲಾಯಿತು.

ಆದೇಶ ಮೇಜಿನ ಮೇಲಿರುವಾಗ ಸದರಿ ವಿದ್ಯಾರ್ಥಿನಿಯ ಅತ್ತಿಗೆಯವರು ಕಚೇರಿಗೆ ಬಂದಿರುತ್ತಾರೆ. ಇವರು ಬಟ್ಟೆ ಹೊಲಿಯುವ ಕೆಲಸ ಮಾಡುತ್ತಿದ್ದು, ನಾದಿನಿಯನ್ನು ಓದಿಸಿದವರು. ಅಳತೆಯ ಟೇಪು ಇನ್ನೂ ಕೊರಳಲ್ಲೇ ಇತ್ತು. ಅಹವಾಲನ್ನು ಲಿಖಿತವಾಗಿ ಕೊಡುವಂತೆ ಅವರಿಗೆ ಸೂಚಿಸಲಾಯಿತು. ಅವರು ಬರೆಯಲಿಲ್ಲ. ಕುರ್ಚಿ ತೋರಿಸಿದರೂ ಕೂರಲಿಲ್ಲ. ಜಗಳವಾಡಲು ಬಂದವರಂತೆಯೂ ಇರಲಿಲ್ಲ. ನಿಜವಾಗಿ ಗೊತ್ತಿಲ್ಲದ್ದನ್ನು ಕೇಳುವವರ ದನಿಯಲ್ಲಿ ಕೇಳಿದರು:

"ಆ ಹುಡುಗನಿಗೆ ತಿಳಿಯೋ ಹಾಗೆ ಹೇಳಿಕೊಟ್ಟಳು ತಾನೆ ಸಾರ್? ಮತ್ತೆ ಇವಳು ಫೇಲಾಗಿದ್ದು ಯಾವುದರಲ್ಲಿ?"

ಪರಿಶೀಲಿಸಲಾಗುವುದು ಎಂದು ಹೇಳಿ ಅವರನ್ನು ಕಳುಹಿಸಲಾಯಿತು. ಈ ಬಗ್ಗೆ ವಿಭಾಗವು ನಾಚಿಕೆಪಟ್ಟಿರುತ್ತದೆ. ನಾಚಿಕೆಪಡಲಾಗಿದೆ ಎಂದು ಬರೆಸಲು ಗುಮಾಸ್ತರು ಸೂಚಿಸಿದರಾದರೂ, ಇದು ಯಾರೋ ಪಟ್ಟ ನಾಚಿಕೆಯಲ್ಲ, ನಾನೇ ಪಟ್ಟಿದ್ದು. ಆದೇಶಕ್ಕೆ ಸಹಿ ಹಾಕಲು ಕೈ ಬರಲಿಲ್ಲ.

ನಿಯಮಾವಳಿಯನ್ನು ಮೊದಲ ಬಾರಿಗೆ ಕೊನೆಯವರೆಗೆ ಓದಲಾಗಿ, 'ಮುಖ್ಯಸ್ಥರಿಗೆ ಸ್ವತಃ ಮನವರಿಕೆಯಾದಲ್ಲಿ ಅಭ್ಯರ್ಥಿಯನ್ನು ಉತ್ತೀರ್ಣಗೊಳಿಸಬಹುದು' ಎಂಬ ಕಂಡಿಕೆ ಇರುವುದು ಕಂಡುಬಂದಿರುತ್ತದೆ. ಈವರೆಗೆ ಯಾವ ಮುಖ್ಯಸ್ಥರಿಗೂ ಯಾವುದೂ ಮನವರಿಕೆಯಾಗದಿದ್ದುದರಿಂದ ಇದನ್ನು ಯಾರೂ ಬಳಸಿರಲಿಲ್ಲ. ಮನವರಿಕೆಯಾಗಬೇಕಾದರೆ ಮೊದಲು ನಾಲ್ಕು ಆರಾದದ್ದು ಹೇಗೆಂದು ಗೊತ್ತಾಗಬೇಕಿತ್ತು. ಸದರಿ ವಿದ್ಯಾರ್ಥಿನಿಯನ್ನೇ ಕರೆದು ಕೇಳಲು ಪ್ರಭಾರ ಮುಖ್ಯಸ್ಥರಿಗೆ ಸಂಕೋಚವಾಯಿತು. ಆದ್ದರಿಂದ ಪಾಠಕ್ಕೆ ಅಡ್ಡಿಪಡಿಸಿದ್ದಕ್ಕೆ ಕಾರಣ ಕೇಳುವ ನೋಟಿಸನ್ನು ಮೀಸೆ ಮಗುವಿಗೆ ಪದ್ಧತಿಯಂತೆ ನಾಲ್ಕು ಪ್ರತಿಗಳಲ್ಲಿ ಜಾರಿ ಮಾಡಿ, ಖುದ್ದಾಗಿ ಹಾಜರಾಗಲು ತಿಳಿಸಲಾಯಿತು.

ಮೀಸೆ ಮಗು ಹಾಜರಾಗಿ ನೋಟಿಸನ್ನು ಓದಿದರು. ನಂತರ ನಾಲ್ಕೂ ಪ್ರತಿಗಳನ್ನು ಮುಖ್ಯಸ್ಥರ ಮೇಜಿನ ಮೇಲೆ ಹರಡಿ, ಒಂದೊಂದನ್ನೂ ಮೂರು ಸಮಭಾಗವಾಗಿ ಹರಿದರು. ಸರ್ಕಾರಿ ದಾಖಲೆಯನ್ನು ಹರಿಯುವುದು ಅಪರಾಧವೆಂದು ಹೇಳಲು ಬಾಯಿ ತೆರೆಯಲಾಯಿತು. ಅಷ್ಟರಲ್ಲಿ ಅವರು ಹನ್ನೆರಡು ತುಂಡುಗಳನ್ನು ಮುಖ್ಯಸ್ಥರ ಕಡೆ ತಳ್ಳಿ, ಎರಡೆರಡು ಜೋಡಿಸುವಂತೆ ಹೇಳಿದರು. ಜೋಡಿಸಲಾಯಿತು. ಎಣಿಸುವಂತೆ ಹೇಳಿದರು. ಎಣಿಸಲಾಯಿತು. ಮತ್ತೊಮ್ಮೆ ಎಣಿಸಲಾಯಿತು.

ಆರು.

ಅಂದಿನ ಮೀಸೆ ಮಗುವಿನಂತೆಯೇ ಪ್ರಭಾರ ಮುಖ್ಯಸ್ಥರು ಕೂತಲ್ಲಿಂದ ಎದ್ದಿರುತ್ತಾರೆ. ನಂತರ ಕಂಡಿಕೆ ೮ನ್ನು ಉಲ್ಲಂಘಿಸಿರುತ್ತಾರೆ.

ಒಬ್ಬರಿಗೆ ಹೇಳಿಕೊಟ್ಟಿದ್ದು ಅವರಲ್ಲೇ ಉಳಿಯದೆ ಇನ್ನೊಬ್ಬರಿಗೂ ತಲುಪಿರುವುದರಿಂದ, ಸದರಿ ವಿದ್ಯಾರ್ಥಿನಿಯು ಶಿಕ್ಷಕಿಯಾಗಿದ್ದಾರೆಂದು ಪ್ರಭಾರ ಮುಖ್ಯಸ್ಥರಿಗೆ ಸ್ವತಃ ಮನವರಿಕೆಯಾಗಿರುತ್ತದೆ. ಅವರನ್ನು ಉತ್ತೀರ್ಣಗೊಳಿಸಿ, ಪ್ರಮಾಣಪತ್ರಕ್ಕೆ ಇಂದೇ ಸಹಿ ಮಾಡಲಾಗಿದೆ. ಈ ವಿಭಾಗ ಕೊಟ್ಟ ಪ್ರಮಾಣಪತ್ರಗಳಲ್ಲಿ ಯಾವುದನ್ನು ಯಾಕೆ ಕೊಟ್ಟೆವು ಎಂದು ಕೇಳಿದರೆ ಉತ್ತರ ಕೊಡಬಹುದಾದದ್ದು ಸದ್ಯಕ್ಕೆ ಇದೊಂದೇ.

೧೦. ಮೇಲಿನ ಕಂಡಿಕೆ ೧ರಿಂದ ೯ರವರೆಗಿನ ಸೂಚನೆಗಳು ಈ ತೀರ್ಮಾನಕ್ಕೆ ಮೊದಲೇ ಟೈಪ್ ಆಗಿರುವುದರಿಂದ, ಅವುಗಳನ್ನು ರದ್ದುಪಡಿಸಲು ಪ್ರತ್ಯೇಕ ಸುತ್ತೋಲೆ ಬೇಕಾಗುತ್ತದೆ. ಅದು ಬರುವವರೆಗೆ ಸದರಿ ಸೂಚನೆಗಳು ಜಾರಿಯಲ್ಲಿರುತ್ತವೆ, ಆದರೆ ಯಾರೂ ಪಾಲಿಸತಕ್ಕದ್ದಲ್ಲ.

೧೧. ಸಮಿತಿಯ ಉಳಿದ ಸದಸ್ಯರಿಗೆ ವಿಷಯ ಇನ್ನೂ ಗೊತ್ತಾಗದೆ ಇರುವುದರಿಂದ, ಸದರಿ ವಿದ್ಯಾರ್ಥಿನಿಯು ಕೆಲಸಕ್ಕೆ ಸೇರಲು ಹೊರಡುವ ಮುನ್ನ ತಮಗೆ ಅನುಕೂಲವಾದ ಒಂದು ದಿನ ವಿಭಾಗಕ್ಕೆ ಬಂದು ಅದೇ ಪಾಠವನ್ನು ಮಾಡಬೇಕೆಂದು ಕೇಳಿಕೊಳ್ಳುತ್ತೇವೆ. ಇದು ಸೂಚನೆಯಲ್ಲ, ವಿನಂತಿ. ಬರದಿದ್ದರೂ ಬೇಸರವಿಲ್ಲ. ಬಂದಲ್ಲಿ ಸಮಿತಿಯವರು ಮಕ್ಕಳ ಪಾತ್ರ ವಹಿಸುವ ಅಗತ್ಯವಿರುವುದಿಲ್ಲ, ಗೊತ್ತಿಲ್ಲದವರಾಗಿಯೇ ಬಂದು ಕೂರತಕ್ಕದ್ದು.

ಸಂಬಂಧಪಟ್ಟವರೆಲ್ಲರೂ ಇದನ್ನು ಓದಿ, ಅರ್ಥವಾಗದ ಕಡೆ ಯಾಕೆ ಎಂದು ಕೇಳುವುದು.

(ಸಹಿ)
ಪ್ರಭಾರ ಮುಖ್ಯಸ್ಥ
ಶಿಕ್ಷಕರ ತರಬೇತಿ ವಿಭಾಗ
(ಮುಖ್ಯಸ್ಥರ ಮೊಹರು ಸಿಗದ ಕಾರಣ ಹೆಬ್ಬೆರಳಿನ ಗುರುತು ಹಾಕಲಾಗಿದೆ)

ಪ್ರತಿಗಳು:

೧. ಹೊರಗಿನ ಪರೀಕ್ಷಕರಿಗೆ – ಜೇಬಿನಲ್ಲಿರುವ ತುಂಡುಗಳನ್ನು ವಾಪಸು ಕೊಡಬೇಕಾಗಿಲ್ಲ ಎಂಬ ಮಾಹಿತಿಯೊಂದಿಗೆ.

೨. ಕಾಂಪೌಂಡಿನ ಆಚೆಯ ಶಾಲೆಯ ಮುಖ್ಯೋಪಾಧ್ಯಾಯಿನಿಯವರಿಗೆ – ಮುಂದಿನ ವರ್ಷದ ರಜೆ ಯಾವಾಗ ಎಂದು ತಿಳಿಸಲು. ಈ ಬಾರಿ ಫೋನ್ ನಾವೇ ಮಾಡುತ್ತೇವೆ.

೩. ಸಮಿತಿಯ ಸದಸ್ಯರಿಗೆ – ತಲಾ ನಾಲ್ಕು ಪ್ರತಿ. ಪಾಠಕ್ಕೆ ಬರುವಾಗ ತರತಕ್ಕದ್ದು, ಹರಿಯಲು ಬೇಕಾಗುತ್ತದೆ.

೪. ಮೀಸೆ ಮಗುವಿಗೆ – ನೋಟಿಸಿಗೆ ಅವರು ನೀಡಿದ ಸಮಜಾಯಿಷಿಯನ್ನು ಅಂಗೀಕರಿಸಲಾಗಿದೆ. ಪಾಠದ ದಿನ ಸಮಿತಿಯವರ ಪಕ್ಕ ಕುಳಿತು ಉತ್ತರ ಪಿಸುಗುಟ್ಟಬಾರದು.

೫. ಗುಮಾಸ್ತರಿಗೆ – ರಕ್ಷಾ ಕಡತಕ್ಕಾಗಿ.

೬. ಸದರಿ ವಿದ್ಯಾರ್ಥಿನಿಗೆ – ಪ್ರಮಾಣಪತ್ರದ ಸಹಿತ, ಮುದ್ದಾಂ ಅಟೆಂಡರ್ ಮೂಲಕ.

೭. ಸದರಿ ವಿದ್ಯಾರ್ಥಿನಿಯ ಅತ್ತಿಗೆಯವರಿಗೆ – ಕಚೇರಿಯಲ್ಲಿ ತಾವು ಕೇಳಿದ ಪ್ರಶ್ನೆಗೆ ಉತ್ತರವಾಗಿ: ಯಾವುದರಲ್ಲೂ ಅಲ್ಲ ಅಮ್ಮ.